ಗಣಕದ ಕುಂಚವೂ ಕಲಾವಿದನ ಅನ್ನವೂ

ಮತ್ತಿಕೆರೆಯ ಹೆಸರಿನಲ್ಲಿ ಮತ್ತಿಯ ಮರವೂ ಇದೆ, ಕೆರೆಯೂ ಇದೆ. ಆದರೆ ಇಂದು ಆ ಹೆಸರನ್ನು ಹೇಳಿದೊಡನೆ ಬೆಂಗಳೂರಿಗರ ಕಣ್ಣಮುಂದೆ ನಿಲ್ಲುವುದು ಅವೆರಡೂ ಅಲ್ಲ. ಯಶವಂತಪುರದ ಕಡೆಗೂ ಬಿ.ಇ.ಎಲ್. ಕಡೆಗೂ ಎಡೆಬಿಡದೆ ಹರಿಯುವ ವಾಹನಗಳು, ರಾಮಯ್ಯ ವಿದ್ಯಾಸಂಸ್ಥೆಗಳ ವಿದ್ಯಾರ್ಥಿಗಳಿಂದ ತುಂಬಿದ ಬಾಡಿಗೆಯ ಕೊಠಡಿಗಳು, ಕೆಳ ಅಂತಸ್ತಿನಲ್ಲಿ ಜೆರಾಕ್ಸ್, ಡಿ.ಟಿ.ಪಿ., ರೇಡಿಯಂ ಸ್ಟಿಕ್ಕರಿನ ಪುಟ್ಟ ಅಂಗಡಿಗಳು—ಇವೇ ಇಂದಿನ ಮತ್ತಿಕೆರೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಎಚ್.ಎಂ.ಟಿ. ಲಿಂಕ್ ರಸ್ತೆಯಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಆವರಣವಿದೆ. ಉತ್ತರಕ್ಕೆ ಹೋದರೆ ಯಲಹಂಕದಲ್ಲಿ 1996ರಲ್ಲಿ ಆರಂಭವಾದ ಸೃಷ್ಟಿ ಕಲಾವಿದ್ಯಾಲಯವಿದೆ. ಇಂತಹ ನೆರೆಹೊರೆಯಲ್ಲಿ ಕಾಗದವಿಲ್ಲದೆ, ಬಣ್ಣದ ಬಟ್ಟಲಿಲ್ಲದೆ, ಕೈಯೊತ್ತಡವನ್ನು ಅರಿಯಬಲ್ಲ ಲೇಖನಿಯೊಂದನ್ನು ಹಿಡಿದು ಗಾಜಿನ ಫಲಕದ ಮೇಲೆ ಚಿತ್ರ ಬರೆಯುವ ತರುಣ ತರುಣಿಯರು ಹಲವರಿರುವುದು ಸೋಜಿಗವಲ್ಲ. ಜನ ಇವರನ್ನು ಡಿಜಿಟಲ್ ಕಲಾವಿದರೆಂದು ಕರೆಯುತ್ತಾರೆ.

ಉಪಕರಣ ಹೊಸದು, ಆದರೆ ಮನೆಯ ಹಿರಿಯರು ಕೇಳುವ ಪ್ರಶ್ನೆ ಬಹು ಹಳೆಯದು: “ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇನಪ್ಪ?” ಈ ಪ್ರಶ್ನೆಯನ್ನು ಕಲೆಯ ಅವಹೇಳನವೆಂದು ತಳ್ಳಿಹಾಕುವುದು ಸುಲಭ. ಅದಕ್ಕೆ ನೇರವಾದ ಉತ್ತರವನ್ನು ಹುಡುಕುವುದೇ ಮೇಲು.

ಕೀರ್ತಿ ಬಂದಿತು, ಕಾಸು ಬರಲಿಲ್ಲ

ಮತ್ತಿಕೆರೆಯ ಮುಖ್ಯರಸ್ತೆಯಲ್ಲಿ ಕೆಲಹೊತ್ತು ನಿಂತು ಕಾರು, ಆಟೋರಿಕ್ಷಾಗಳ ಹಿಂಗಾಜನ್ನು ಗಮನಿಸುವವರಿಗೆ ಕೇಸರಿ ಕಪ್ಪು ಬಣ್ಣಗಳ ಹನುಮಂತನ ಮುಖವೊಂದು ಇಂದಿಗೂ ಕಾಣಸಿಗುತ್ತದೆ. ಅರ್ಧ ನೆರಳು, ಅರ್ಧ ಬೆಳಕು, ಗಂಟಿಕ್ಕಿದ ಹುಬ್ಬು. ಅದನ್ನು ಬರೆದವರು ಕಾಸರಗೋಡಿನ ಕರಣ್ ಆಚಾರ್ಯರು. 2015ರಲ್ಲಿ ತಮ್ಮ ಊರಿನ ಗೆಳೆಯರು ಗಣೇಶೋತ್ಸವದ ಧ್ವಜಕ್ಕಾಗಿ ಕೇಳಿದರೆಂದು ಅವರು ಈ ಚಿತ್ರವನ್ನು ಗಣಕದಲ್ಲಿ ರಚಿಸಿಕೊಟ್ಟರು. ಅದು ಕೆಲವೇ ತಿಂಗಳುಗಳಲ್ಲಿ ಧ್ವಜವನ್ನು ಬಿಟ್ಟು ದೂರವಾಣಿಗಳ ಪರದೆಗೆ ಹಾರಿತು. ಅಲ್ಲಿಂದ ರೇಡಿಯಂ ಅಂಗಡಿಗೆ, ಅಂಗಡಿಯಿಂದ ವಾಹನಗಳಿಗೆ, ವಾಹನಗಳೊಡನೆ ದೇಶದ ಉದ್ದಗಲಕ್ಕೆ.

ಇಷ್ಟು ಬೇಗ ಹರಡುವುದಕ್ಕೆ ಚಿತ್ರದ ಗುಣದಷ್ಟೇ ಅದರ ರಚನೆಯೂ ಕಾರಣ. ಅದು ‘ವೆಕ್ಟರ್’ ಚಿತ್ರ. ಎಂದರೆ ಚುಕ್ಕೆಗಳ ರಾಶಿಯಲ್ಲ, ಗಣಿತದಿಂದ ನಿರ್ಣಯಿಸಲಾದ ರೇಖೆಗಳ ಬಂಧ. ಬೆರಳುಗುರಿನಷ್ಟು ಕುಗ್ಗಿಸಿದರೂ ಗೋಡೆಯಷ್ಟು ಹಿಗ್ಗಿಸಿದರೂ ಅದರ ಅಂಚು ಕೆಡುವುದಿಲ್ಲ. ರೇಡಿಯಂ ಹಾಳೆಯನ್ನು ಕತ್ತರಿಸುವ ಯಂತ್ರದ ಅಲಗು ನಡೆಯುವುದೂ ಇಂತಹ ರೇಖೆಗಳ ಜಾಡಿನಲ್ಲಿಯೇ. ಬಣ್ಣ ಎರಡೇ ಆದುದರಿಂದ ಖರ್ಚೂ ಸ್ವಲ್ಪ. ಕಡತವೊಂದು ಕೈಗೆ ಸಿಕ್ಕಿದ ಮೇಲೆ ಅಂಗಡಿಯವನು ಕಲಾವಿದನನ್ನು ಕೇಳಬೇಕಾದ ಅಗತ್ಯವೇ ಉಳಿಯಲಿಲ್ಲ.

2018ರ ಮೇ ತಿಂಗಳಿನಲ್ಲಿ ಮಂಗಳೂರಿನ ಚುನಾವಣಾ ಸಭೆಯೊಂದರಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಈ ಕಲಾವಿದನನ್ನು ಹೊಗಳಿದರು. ಚಿತ್ರದ ಭಾವದ ಬಗೆಗೆ ದೇಶದಲ್ಲಿ ವಾದವಿವಾದವೂ ನಡೆಯಿತು. ಅದು ಇಲ್ಲಿಯ ವಿಷಯವಲ್ಲ. ನಮಗೆ ಬೇಕಾದುದು ಇನ್ನೊಂದು ಸಂಗತಿ: ಲೆಕ್ಕವಿಲ್ಲದಷ್ಟು ಸ್ಟಿಕ್ಕರುಗಳು ಮಾರಾಟವಾದರೂ ಆ ಹಣ ಚಿತ್ರವನ್ನು ಬರೆದ ಕೈಗೆ ಸೇರಲಿಲ್ಲ. ಕೀರ್ತಿ ಒಂದು ದಾರಿಯಲ್ಲಿ, ಕಾಸು ಇನ್ನೊಂದು ದಾರಿಯಲ್ಲಿ ಹೋದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ಕಾಲದಲ್ಲಿ ಸಿಕ್ಕಲಾರದು. ಡಿಜಿಟಲ್ ಕಲಾವಿದನ ಬಾಳಿನ ಮುಖ್ಯ ತೊಡಕು ಇಲ್ಲಿಯೇ ಇದೆ. ಅವನ ಮೂಲಕೃತಿಗೂ ಅದರ ಪ್ರತಿಗೂ ಕೂದಲೆಳೆಯಷ್ಟೂ ಭೇದವಿಲ್ಲ. ಪ್ರತಿ ಮಾಡುವುದಕ್ಕೆ ಖರ್ಚೂ ಇಲ್ಲ. ಆದುದರಿಂದ ಅವನು ಮಾರಬೇಕಾದುದು ಚಿತ್ರವನ್ನಲ್ಲ, ಚಿತ್ರವನ್ನು ಬಳಸುವ ಹಕ್ಕನ್ನು.

ಹಿಂದಿನವರು ಹೇಗೆ ಬಾಳಿದರು?

ಪ್ರತಿಗಳ ಸಮಸ್ಯೆ ಗಣಕದೊಡನೆ ಹುಟ್ಟಿದುದಲ್ಲ. ರಾಜಾ ರವಿವರ್ಮ 1894ರಲ್ಲಿ ಜರ್ಮನಿಯ ಯಂತ್ರಗಳನ್ನು ತರಿಸಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಅರಮನೆಯ ಗೋಡೆಯ ಮೇಲಿದ್ದ ಲಕ್ಷ್ಮಿ ಸರಸ್ವತಿಯರು ಬಡವನ ಗುಡಿಸಲಿಗೂ ಬಂದರು. ಆದರೆ ಹತ್ತು ವರ್ಷ ಕಳೆಯುವುದರೊಳಗೆ ಆ ಮುದ್ರಣಾಲಯ ಜರ್ಮನ್ ತಂತ್ರಜ್ಞ ಷ್ಲೈಷರನ ಪಾಲಾಯಿತು. ಚಿತ್ರಗಳ ಅಚ್ಚು ಮಾತ್ರ ನಿಲ್ಲಲಿಲ್ಲ. ಪ್ರತಿಯಿಂದ ಕಲಾವಿದನ ಹೆಸರು ಬೆಳೆಯುವುದು ಒಂದು, ಲಾಭ ಬೆಳೆಯುವುದು ಇನ್ನೊಂದು ಎಂಬುದನ್ನು ಆ ಕಾಲವೇ ತೋರಿಸಿಕೊಟ್ಟಿತ್ತು.

ನಮ್ಮ ಕೆ. ವೆಂಕಟಪ್ಪನವರು (1886–1965) ಇನ್ನೊಂದು ಮಾರ್ಗದವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ಅವರಿಗೆ ಮೈಸೂರು ಅರಮನೆಯ ಆಶ್ರಯ ದೊರೆಯಿತು. ಆಶ್ರಯದಾತನಾದ ದೊರೆಯ ರಸಿಕತೆಯೇ ಅಂತಹ ಕಲಾವಿದನ ಜೀವನಾಧಾರ. ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣರಿಗೆ ಆಧಾರವಾದುದು ದಿನಪತ್ರಿಕೆಯ ಉದ್ಯೋಗ. ಎಂ.ಟಿ.ವಿ. ಆಚಾರ್ಯರದು ಮೂರನೆಯ ಮಾರ್ಗ: ‘ಚಂದಮಾಮ’ದ ಮುಖಪುಟಗಳಿಗೆ ಮಹಾಭಾರತದ ದೃಶ್ಯಗಳನ್ನು ಬರೆದು ಮನೆಮಾತಾದ ಅವರು ಮುಂದೆ ಬೆಂಗಳೂರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆಯನ್ನು ಕಲಿಸಿದರು. ಊರೂರಿನ ಹುಡುಗರು ಬರೆದು ಕಳುಹಿಸಿದ ಚಿತ್ರಗಳು ತಿದ್ದುಪಡಿಯೊಡನೆ ಹಿಂದಿರುಗುತ್ತಿದ್ದುವು.

ಇಂದಿನ ಡಿಜಿಟಲ್ ಕಲಾವಿದನ ಆದಾಯದ ದಾರಿಗಳನ್ನು ಎಣಿಸಿದರೆ ಇವೇ ಮೂರು ಬೇರೆ ಉಡುಪಿನಲ್ಲಿ ಎದುರಾಗುತ್ತವೆ. ದೊರೆಯ ಸ್ಥಾನದಲ್ಲಿ ತಿಂಗಳಿಗೆ ಇಷ್ಟೆಂದು ಚಂದಾ ಕೊಡುವ ನೂರಾರು ಮಂದಿ ಅಭಿಮಾನಿಗಳು. ಪತ್ರಿಕೆಯ ಸ್ಥಾನದಲ್ಲಿ ಅನಿಮೇಷನ್, ಗೇಮಿಂಗ್ ಸಂಸ್ಥೆಗಳು. ಅಂಚೆಯ ಸ್ಥಾನದಲ್ಲಿ ಅಂತರಜಾಲದ ತರಗತಿಗಳು. ಇವುಗಳ ಜೊತೆಗೆ ಪುಸ್ತಕದ ಮುಖಪುಟ, ಮದುವೆಯ ಕರೆಯೋಲೆ, ಸರಕಿನ ಪೊಟ್ಟಣದ ವಿನ್ಯಾಸ, ಭಾವಚಿತ್ರ ಮುಂತಾದ ಬಿಡಿ ಕೆಲಸಗಳು. ಒಂದನ್ನೇ ನಂಬಿದವನಿಗಿಂತ ಎರಡು ಮೂರನ್ನು ಹೊಂದಿಸಿಕೊಂಡವನು ಹೆಚ್ಚು ನೆಮ್ಮದಿಯಿಂದಿರುತ್ತಾನೆ.

ಹೀಗೆನ್ನುವುದಕ್ಕೆ ಕಾರಣವಿದೆ. ಈ ಉದ್ಯಮಕ್ಕಾಗಿಯೇ ಪ್ರತ್ಯೇಕವಾದ ನೀತಿಯನ್ನು 2012ರಲ್ಲಿ ದೇಶದಲ್ಲಿಯೇ ಮೊದಲು ರೂಪಿಸಿದ ರಾಜ್ಯ ಕರ್ನಾಟಕ. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಆದರೂ 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಂಸ್ಥೆ ಫ್ರಾನ್ಸಿನಲ್ಲಿ ಹಣದ ಮುಗ್ಗಟ್ಟಿಗೆ ಸಿಲುಕಿದಾಗ ಬೆಂಗಳೂರಿನಲ್ಲಿದ್ದ ಅದರ ದೊಡ್ಡ ಕಾರ್ಯಾಲಯ ಹಠಾತ್ತಾಗಿ ಮುಚ್ಚಿತು. ಸಾವಿರಾರು ಕಲಾವಿದರು ಒಂದೇ ವಾರದಲ್ಲಿ ಕೆಲಸ ಕಳೆದುಕೊಂಡರು. ಸಂಬಳದ ನೆರಳೂ ಒಂದು ಮರದ ನೆರಳೇ. ಮರ ಬಿದ್ದರೆ ಅದೂ ಇಲ್ಲ.

ಬೆಲೆ ಕಟ್ಟುವ ಬಗೆ

“ನಿನ್ನ ಚಿತ್ರಕ್ಕೆ ಎಷ್ಟು?” ಎಂದು ಕೇಳಿದರೆ ನಮ್ಮ ಹುಡುಗರು ನಾಚುತ್ತಾರೆ. ತೋಚಿದಷ್ಟು ಹೇಳುತ್ತಾರೆ, ಇಲ್ಲವೆ “ನೀವೇ ನೋಡಿ ಕೊಡಿ ಸಾರ್” ಎನ್ನುತ್ತಾರೆ. ಬಡಗಿಯಾಗಲಿ ದರ್ಜಿಯಾಗಲಿ ಹೀಗೆ ಮಾಡುವುದಿಲ್ಲ. ಇಲ್ಲೊಂದು ಸರಳ ಲೆಕ್ಕವನ್ನು ಹಾಕಿ ನೋಡಬಹುದು. ಮತ್ತಿಕೆರೆಯಲ್ಲಿ ಕೊಠಡಿ ಮಾಡಿಕೊಂಡ ಕಲಾವಿದೆಯೊಬ್ಬಳಿಗೆ ಬಾಡಿಗೆ, ಊಟ, ಸಂಚಾರ ಎಲ್ಲ ಸೇರಿ ತಿಂಗಳಿಗೆ 30,000 ರೂಪಾಯಿ ಬೇಕೆನ್ನೋಣ. ಗಣಕಯಂತ್ರದ ಸವಕಳಿ, ತಂತ್ರಾಂಶದ ಚಂದಾ, ವಿದ್ಯುತ್ತು, ಅಂತರಜಾಲಗಳಿಗೆ 6,000. ಒಟ್ಟು 36,000. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆಯಂತೆ ದುಡಿದರೆ 200 ಗಂಟೆ. ಆದರೆ ಅದರಲ್ಲಿ ಅರ್ಧ ಕೆಲಸ ಹುಡುಕುವುದರಲ್ಲಿ, ಪತ್ರವ್ಯವಹಾರದಲ್ಲಿ, ಬಾಕಿ ವಸೂಲಿಯಲ್ಲಿ, ಹೊಸದನ್ನು ಕಲಿಯುವುದರಲ್ಲಿ ಕಳೆಯುತ್ತದೆ. ಉಳಿದ 100 ಗಂಟೆಗಳಲ್ಲಿ 36,000 ಹುಟ್ಟಬೇಕಾದರೆ ಗಂಟೆಗೆ 360 ರೂಪಾಯಿ ಬೀಳುತ್ತದೆ. ಹತ್ತು ಗಂಟೆ ಹಿಡಿಯುವ ಭಾವಚಿತ್ರವನ್ನು 3,600ಕ್ಕಿಂತ ಕಡಮೆಗೆ ಬರೆದುಕೊಟ್ಟರೆ ಆಕೆ ತನ್ನ ಕೈಯಿಂದಲೇ ಹಣ ತೆತ್ತಂತೆ. ಕಾಯಿಲೆ, ಉಳಿತಾಯ, ತೆರಿಗೆ ಇವು ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಇದು ಶ್ರಮದ ಬೆಲೆ ಮಾತ್ರ. ಬಳಕೆಯ ಬೆಲೆ ಬೇರೆ. ಅದೇ ಚಿತ್ರ ಒಬ್ಬರ ಮನೆಯ ಗೋಡೆಗೆ ಹೋದರೆ ಒಂದು ಮೊತ್ತ. ಲಕ್ಷ ಪೊಟ್ಟಣಗಳ ಮೇಲೆ ಅಚ್ಚಾದರೆ ಇನ್ನೊಂದು. ಈ ಭೇದವನ್ನು ಮರೆತ ಕಲಾವಿದ ಒಂದು ದಿನದ ಕೂಲಿಗೆ ಹಲವು ವರ್ಷಗಳ ಬೆಳೆಯನ್ನು ಬರೆದುಕೊಟ್ಟವನಾಗುತ್ತಾನೆ.

ಕಾನೂನು ಏನನ್ನುತ್ತದೆ?

ನಮ್ಮ ಕೃತಿಸ್ವಾಮ್ಯದ ಕಾನೂನು 1957ರದು. ಗಣಕಚಿತ್ರವನ್ನು ಕಾಣದ ಕಾಲದಲ್ಲಿ ಹುಟ್ಟಿದುದಾದರೂ ಇಂದಿನ ಕಲಾವಿದನಿಗೆ ಅದರಲ್ಲಿ ಬೇಕಾದಷ್ಟು ಆಸರೆಯಿದೆ. ಚಿತ್ರ ರೂಪುಗೊಂಡ ಕ್ಷಣದಿಂದಲೇ ಸ್ವಾಮ್ಯ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಕಲಾವಿದ ಬದುಕಿರುವವರೆಗೂ, ಅವನು ತೀರಿಕೊಂಡ ಮೇಲೆ 60 ವರ್ಷಗಳವರೆಗೂ ಅದು ನಿಲ್ಲುತ್ತದೆ. ಆದರೆ ನೌಕರಿಯ ಭಾಗವಾಗಿ ಬರೆದ ಚಿತ್ರದ ಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದು. ಹಣ ಕೊಟ್ಟು ಬರೆಯಿಸಿದ ವರ್ಣಚಿತ್ರ, ಭಾವಚಿತ್ರಗಳಲ್ಲಿಯೂ ಅದು ಬರೆಯಿಸಿದವರಿಗೇ ಸೇರುತ್ತದೆ. ‘ಬೇರೆ ಒಪ್ಪಂದವಿಲ್ಲದಿದ್ದರೆ’ ಎಂಬ ಈ ಮೂರು ಮಾತುಗಳಲ್ಲಿ ಕಲಾವಿದನ ಅರ್ಧ ಭವಿಷ್ಯ ಅಡಗಿದೆ.

ಸ್ವಾಮ್ಯವನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ಬರವಣಿಗೆಯಲ್ಲಿ, ರುಜುವಿನೊಡನೆ ಕೊಡಬೇಕು. ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರ. ಇವೆಲ್ಲಕ್ಕಿಂತ ಮಿಗಿಲಾದುದು 57ನೆಯ ವಿಧಿ. ಸ್ವಾಮ್ಯವನ್ನು ಪೂರ್ತಿ ಮಾರಿದ ಮೇಲೂ ‘ಇದು ನನ್ನ ಕೃತಿ’ ಎನ್ನುವ ಹಕ್ಕು, ತನ್ನ ಗೌರವಕ್ಕೆ ಕುಂದಾಗುವಂತೆ ಅದನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕು ಕಲಾವಿದನಲ್ಲಿಯೇ ಉಳಿಯುತ್ತವೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ತಮ್ಮ ಭಿತ್ತಿಶಿಲ್ಪವನ್ನು ಸರಕಾರ ಕಿತ್ತು ಹಾಳುಗೆಡವಿತೆಂದು ಶಿಲ್ಪಿ ಅಮರನಾಥ ಸೆಹಗಲ್ ಹೂಡಿದ ದಾವೆಯಲ್ಲಿ 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಶಿಲ್ಪದ ಅವಶೇಷಗಳನ್ನೂ 5 ಲಕ್ಷ ರೂಪಾಯಿ ಪರಿಹಾರವನ್ನೂ ಅವರಿಗೆ ಕೊಡಿಸಿತು. ಎದುರಾಳಿ ಸರಕಾರವಾದರೂ ಕಲಾವಿದನ ಮಾತು ನಿಂತಿತು.

ಒಪ್ಪಂದವೆಂದರೆ ವಕೀಲರ ಛಾಪಾಕಾಗದವೇ ಆಗಬೇಕೆಂದಿಲ್ಲ. ಏನನ್ನು ಬರೆಯುವುದು, ಎಷ್ಟು ಸಲ ತಿದ್ದಿಕೊಡುವುದು, ಎಲ್ಲಿ ಎಷ್ಟು ಕಾಲ ಬಳಸುವುದು, ಮುಂಗಡವೆಷ್ಟು, ಉಳಿದುದು ಯಾವಾಗ, ಹೆಸರು ಎಲ್ಲಿ ಅಚ್ಚಾಗಬೇಕು—ಇಷ್ಟನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ರುಜು ಮಾಡಿದರೆ ಮುಂದಿನ ಬಹುಪಾಲು ಮನಸ್ತಾಪಗಳು ಹುಟ್ಟುವುದಿಲ್ಲ.

ಬಂದುಹೋದ ಬೆರಗು, ಬಂದಿರುವ ಭಯ

ಸ್ವಾಮ್ಯದ ತೊಡಕನ್ನು ಯಂತ್ರವೇ ಬಿಡಿಸುವುದೆಂದು ಕೆಲವರು ನಂಬಿದ್ದ ಕಾಲವೂ ಒಂದಿತ್ತು. 2021ರ ಮಾರ್ಚಿಯಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ‘ಬೀಪಲ್’ ಎಂಬ ಹೆಸರಿನ ಅಮೆರಿಕದ ಕಲಾವಿದನ ಡಿಜಿಟಲ್ ಕೃತಿಯೊಂದು 6 ಕೋಟಿ 90 ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಹೋಯಿತು. ಎನ್.ಎಫ್.ಟಿ. ಎಂಬ ಗಣಕದ ಒಡೆತನಪತ್ರವನ್ನು ಅಂಟಿಸಿದರೆ ಪ್ರತಿಯೊಂದು ಚಿತ್ರವೂ ಹೊನ್ನಾಗುವುದೆಂಬ ಭ್ರಮೆ ನಮ್ಮ ಹುಡುಗರನ್ನೂ ಹಿಡಿಯಿತು. ಮರುವರ್ಷವೇ ಆ ಪೇಟೆ ಕುಸಿಯಿತು. ಕೊಂಡವರಲ್ಲಿ ಬಹುಮಂದಿಗೆ ಚಿತ್ರದ ಮೇಲಲ್ಲ, ಮರುಮಾರಾಟದ ಮೇಲೆ ಕಣ್ಣಿತ್ತು. ಅಂತಹ ಪೇಟೆ ಕಲಾವಿದನನ್ನು ಬಹುಕಾಲ ಸಾಕಲಾರದು.

ಇಂದಿನ ಭಯ ಇನ್ನೊಂದು ಬಗೆಯದು. ನಾಲ್ಕು ಮಾತು ಹೇಳಿದರೆ ಚಿತ್ರ ಬರೆದುಕೊಡುವ ಯಂತ್ರಬುದ್ಧಿ 2022ರಿಂದೀಚೆಗೆ ಎಲ್ಲರ ಕೈಗೂ ಬಂದಿದೆ. ಲೆಕ್ಕವಿಲ್ಲದಷ್ಟು ಕಲಾವಿದರ ಚಿತ್ರಗಳನ್ನು ಕೇಳದೆಯೇ ಉಂಡು ಅದು ಬೆಳೆದಿದೆಯೆಂಬ ದೂರು ಹಲವು ದೇಶಗಳ ನ್ಯಾಯಾಲಯಗಳ ಮುಂದಿದೆ. ಮೊದಲು ಪೆಟ್ಟು ಬೀಳುವುದು ಕೆಳಗಿನ ಮೆಟ್ಟಿಲಿಗೆ: ಅಗ್ಗದ ಮುಖಪುಟ, ಅಂಗಡಿಯ ಜಾಹೀರಾತು, ಹಬ್ಬದ ಶುಭಾಶಯ. ತೊಡಗುವವನು ಕೈ ಪಳಗಿಸಿಕೊಳ್ಳುತ್ತಿದ್ದುದು ಇಂತಹ ಕೆಲಸಗಳಲ್ಲಿಯೇ ಅಲ್ಲವೆ?

ಇಲ್ಲಿ ಒಂದು ಹಳೆಯ ಋಣವನ್ನು ನೆನೆಯಬೇಕು. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ರಾಜಕುಮಾರರ ಆಳೆತ್ತರ ಮೀರಿದ ಕಟೌಟುಗಳನ್ನು ಬರೆಯುತ್ತಿದ್ದ ಬ್ಯಾನರ್ ಕಲಾವಿದರ ಕೈಯಿಂದ, ಈ ಶತಮಾನದ ಮೊದಲ ವರ್ಷಗಳಲ್ಲಿ, ಕುಂಚವನ್ನು ಕಿತ್ತುಕೊಂಡುದು ಫ್ಲೆಕ್ಸ್ ಮುದ್ರಣ. ಫ್ಲೆಕ್ಸಿಗೆ ಚಿತ್ರ ಹೊಂದಿಸುತ್ತಿದ್ದುದು ಗಣಕವೇ. 2018ರಲ್ಲಿ ಉಚ್ಚ ನ್ಯಾಯಾಲಯ ಕಟುವಾಗಿ ಎಚ್ಚರಿಸಿದ ಮೇಲೆ ಬೆಂಗಳೂರು ಪಾಲಿಕೆ ಫ್ಲೆಕ್ಸುಗಳನ್ನು ತೆಗೆಯಿಸಿತು. ಆದರೆ ಕುಂಚವನ್ನು ಕೆಳಗಿಟ್ಟ ಕೈಗಳಿಗೆ ಹಳೆಯ ವೃತ್ತಿ ಹಿಂದಿರುಗಲಿಲ್ಲ. ಅಂದು ಗಣಕದವನು ಬ್ಯಾನರಿನವನಿಗೆ ಏನಾಗಿದ್ದನೋ ಇಂದು ಯಂತ್ರಬುದ್ಧಿ ಗಣಕದವನಿಗೆ ಅದೇ ಆಗಿದೆ. ಆಗ ಯಾರೂ ಕೇಳಲಿಲ್ಲವೆಂಬುದು ಈಗ ಯಾರೂ ಕೇಳಬಾರದೆಂಬುದಕ್ಕೆ ಕಾರಣವಾಗಲಾರದು.

ಹಾಗಾದರೆ ಹಿರಿಯರ ಪ್ರಶ್ನೆಗೆ ಉತ್ತರವೇನು? ಹೊಟ್ಟೆ ತುಂಬುತ್ತದೆ, ಆದರೆ ಚಿತ್ರವೊಂದರಿಂದಲೇ ಅಲ್ಲ. ಚಿತ್ರದ ಜೊತೆಗೆ ಲೆಕ್ಕವೂ ಒಪ್ಪಂದವೂ ಬೇಕು; ಅದಕ್ಕಿಂತ ಹೆಚ್ಚಾಗಿ, ಇಂತಹ ಕೈಯೇ ಇದನ್ನು ಬರೆಯಬಲ್ಲದು ಎನ್ನಿಸುವಂತಹ ಸ್ವಂತಿಕೆ ಬೇಕು. ನಮ್ಮ ಕಲಾಶಾಲೆಗಳು ಛಾಯೆಯನ್ನು ಕಲಿಸುತ್ತವೆ, ಪ್ರಮಾಣವನ್ನು ಕಲಿಸುತ್ತವೆ. ಒಂದು ಪುಟದ ಒಪ್ಪಂದವನ್ನು ಬರೆಯುವುದನ್ನೂ ಅವು ಕಲಿಸಲಿ. ನಮ್ಮ ಪ್ರಕಾಶಕರು ಮುಖಪುಟದ ಕಲಾವಿದನ ಹೆಸರನ್ನು ಒಳಪುಟದ ಮೂಲೆಯಲ್ಲಾದರೂ ಅಚ್ಚುಮಾಡಲಿ, ಸಂಭಾವನೆಯನ್ನು ಪುಸ್ತಕ ಬಿಡುಗಡೆಯಾಗುವ ಮುನ್ನವೇ ಸಲ್ಲಿಸಲಿ. ಓದುವ ನಾವು ಚಿತ್ರವನ್ನು ಹಂಚಿಕೊಳ್ಳುವಾಗ ಬರೆದವರ ಹೆಸರನ್ನು ಕತ್ತರಿಸದಿರೋಣ. ಹಾಗೆ ಮಾಡುವುದಕ್ಕೆ ಖರ್ಚಿಲ್ಲ. ಮಾಡದಿದ್ದರೆ ಆಗುವ ನಷ್ಟವನ್ನು ಕಾಸರಗೋಡಿನ ಆ ಹನುಮಂತ ಊರೂರಿನ ವಾಹನಗಳ ಗಾಜಿನ ಮೇಲೆ ಹೊತ್ತು ತಿರುಗುತ್ತಿದ್ದಾನೆ.