ತಿಂಗಳ ನಿರುದ್ಯೋಗದ ಅಂಕಿ ಮತ್ತು ನಮ್ಮ ತಾಲ್ಲೂಕುಗಳ ಕೂಲಿ

ದೇಶದಲ್ಲಿ ಎಷ್ಟು ಜನರಿಗೆ ಕೆಲಸವಿದೆ, ಎಷ್ಟು ಜನರಿಗಿಲ್ಲ ಎಂಬ ಲೆಕ್ಕವನ್ನು ಕೇಂದ್ರ ಸರಕಾರದ ಅಂಕಿ-ಸಂಖ್ಯಾ ಕಚೇರಿಯು 2025ರ ಮೇ ತಿಂಗಳಿನಿಂದ ಪ್ರತಿ ತಿಂಗಳೂ ಪ್ರಕಟಿಸುತ್ತಿದೆ. ಅದಕ್ಕೆ ಮೊದಲು ಹಳ್ಳಿಗಳ ಲೆಕ್ಕ ವರ್ಷಕ್ಕೊಮ್ಮೆ ಮಾತ್ರ ದೊರೆಯುತ್ತಿತ್ತು. ಅಂಕಿ ಏರಿದ ತಿಂಗಳು ಪತ್ರಿಕೆಗಳಲ್ಲಿ ಆರ್ಥಿಕ ಹಿನ್ನಡೆಯ ಮಾತು ಕೇಳಿಬರುತ್ತದೆ. ಇಳಿದ ತಿಂಗಳು ಆ ಮಾತು ಅಡಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ರೈತ ಬಾಂಧವರು ಈ ಅಂಕಿಯಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2025ರ ಏಪ್ರಿಲ್‌ನಲ್ಲಿ ದೇಶದ ನಿರುದ್ಯೋಗದ ಪ್ರಮಾಣ ಶೇ. 5.1 ಇತ್ತು. ಮೇ ತಿಂಗಳಲ್ಲಿ ಅದು ಶೇ. 5.6ಕ್ಕೆ ಏರಿತು, ಜೂನ್‌ನಲ್ಲಿ ಹಾಗೆಯೇ ಉಳಿದು, ಜುಲೈನಲ್ಲಿ ಶೇ. 5.2ಕ್ಕೆ ಇಳಿಯಿತು. ಒಕ್ಕಲುತನ ಮಾಡುವವರಿಗೆ ಇದರ ಕಾರಣವನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಹಿಂಗಾರಿ ರಾಶಿ ಮುಗಿದು ಬಿಸಿಲು ಏರಿದಾಗ ಹೊಲದಲ್ಲಿ ಕೆಲಸವಿರುವುದಿಲ್ಲ. ಮುಂಗಾರಿ ಬಿತ್ತನೆಗೆ ಮತ್ತೆ ಆಳು ಬೇಕಾಗುತ್ತದೆ. ಆದ್ದರಿಂದ ಒಂದೆರಡು ತಿಂಗಳ ಏರಿಳಿತವನ್ನು ನೋಡಿ ದೇಶದ ವ್ಯವಹಾರವೇ ಕುಸಿಯಿತೆಂದು ಗಾಬರಿಯಾಗುವುದು ಸರಿಯಲ್ಲ. ಹೋದ ವರ್ಷದ ಅದೇ ತಿಂಗಳಿಗೆ ಹೋಲಿಸಿ ನೋಡುವುದು ಹೆಚ್ಚು ಯೋಗ್ಯ.

ಇದಕ್ಕಿಂತ ಮುಖ್ಯವಾದುದು ಎಣಿಕೆಯ ಕ್ರಮ. ಎಣಿಕೆದಾರರು ಮನೆಗೆ ಬಂದು ಹಿಂದಿನ 7 ದಿನಗಳ ವಿಚಾರ ಕೇಳುತ್ತಾರೆ. ಆ ವಾರದಲ್ಲಿ ಯಾವುದಾದರೂ ಒಂದು ದಿನ ಒಂದು ತಾಸು ದುಡಿದಿದ್ದರೂ ಅಂಥವರನ್ನು ಉದ್ಯೋಗಿಗಳೆಂದೇ ಬರೆದುಕೊಳ್ಳಲಾಗುತ್ತದೆ. ಕೂಲಿಯಿಲ್ಲದೆ ಸ್ವಂತ ಹೊಲದಲ್ಲಿ ಕೈಜೋಡಿಸಿದವರೂ ಉದ್ಯೋಗಿಗಳೇ. ಕೆಲಸ ಹುಡುಕಿಯೂ ಅಥವಾ ಸಿಕ್ಕರೆ ಮಾಡಲು ಸಿದ್ಧರಿದ್ದೂ ಒಂದು ತಾಸೂ ದೊರೆಯದವರು ಮಾತ್ರ ನಿರುದ್ಯೋಗಿಗಳು.

ಯಲಬುರ್ಗಾ ತಾಲ್ಲೂಕಿನ ಒಂದು ಓಣಿಯಲ್ಲಿ ದುಡಿಯುವ ವಯಸ್ಸಿನ 20 ಜನರಿದ್ದಾರೆಂದು ಇಟ್ಟುಕೊಳ್ಳಿ. 5 ಜನ ದೀರ್ಘಕಾಲಕ್ಕೆ ಗುಳೆ ಹೋಗಿದ್ದಾರೆ. ಅವರು ಈ ಊರಿನ ಲೆಕ್ಕಕ್ಕೆ ಬರುವುದಿಲ್ಲ. 8 ಜನರಿಗೆ ವಾರದಲ್ಲಿ ಒಂದೇ ದಿನ ಕೂಲಿ ಸಿಕ್ಕಿದೆ. 6 ಜನ ಇಬ್ಬರಿಗೆ ಸಾಲುವಷ್ಟು ಕೆಲಸವಿರುವ ಸ್ವಂತ ಹೊಲದಲ್ಲಿದ್ದಾರೆ. ಒಬ್ಬನಿಗೆ ಏನೂ ಸಿಕ್ಕಿಲ್ಲ. ಉಳಿದ 15 ಜನರಲ್ಲಿ ನಿರುದ್ಯೋಗಿ ಒಬ್ಬನೇ, ಪ್ರಮಾಣ ಶೇ. 7ಕ್ಕಿಂತ ಕಡಿಮೆ! ಒಲೆ ಹೇಗೆ ಉರಿಯುತ್ತಿದೆ ಎಂಬುದು ಈ ಅಂಕಿಯಲ್ಲಿ ಕಾಣುವುದಿಲ್ಲ. ಎಣಿಕೆ ಸುಳ್ಳೆಂದು ಇದರ ಅರ್ಥವಲ್ಲ. ಅನೇಕ ದೇಶಗಳಲ್ಲಿ ಹೀಗೆಯೇ ಎಣಿಸುತ್ತಾರೆ. ಆದರೆ ತಿಂಗಳ ಸಂಬಳದ ಊರುಗಳಿಗೆ ಒಪ್ಪುವ ಅಳತೆ ದಿನಗೂಲಿಯ ಊರುಗಳಿಗೆ ಅಷ್ಟಾಗಿ ಒಪ್ಪುವುದಿಲ್ಲ. ಮೇಲಾಗಿ ತಿಂಗಳ ಪ್ರಕಟಣೆಯಲ್ಲಿ ಕೊಪ್ಪಳ ಜಿಲ್ಲೆಗೆಂದು ಪ್ರತ್ಯೇಕ ಅಂಕಿ ಇರುವುದಿಲ್ಲ.

ನಮ್ಮಲ್ಲಿ ಕೆಲಸವನ್ನು ನಿರ್ಧರಿಸುವುದು ನೀರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದುದು ಎಲ್ಲರಿಗೂ ನೆನಪಿದೆ. ಬಳಿಕ 33 ಗೇಟುಗಳನ್ನೂ ಬದಲಿಸುವ ಸಲುವಾಗಿ 2025-26ರಲ್ಲಿ ಎರಡನೇ ಬೆಳೆಗೆ ಕಾಲುವೆ ನೀರು ಬಿಡದಿರಲು ನಿರ್ಧರಿಸಲಾಯಿತು. ಎಡದಂಡೆ ಕಾಲುವೆಯ ಕೆಳಗಿನ ಗಂಗಾವತಿ, ಕಾರಟಗಿ ಭಾಗದಲ್ಲಿ ಇದರಿಂದ ರೈತನಿಗೆ ಒಂದು ಬೆಳೆ ಹೋದರೆ, ನಾಟಿಗೆ ಹೋಗುವ ಹೆಣ್ಣುಮಕ್ಕಳಿಗೆ ಒಂದು ಹಂಗಾಮಿನ ಕೂಲಿಯೇ ಹೋದಂತೆ. ಕೊಯ್ಲನ್ನು ಬಹುಮಟ್ಟಿಗೆ ಯಂತ್ರ ನುಂಗಿರುವುದರಿಂದ ಅವರ ಪಾಲಿಗೆ ಉಳಿದಿರುವುದು ನಾಟಿ ಮತ್ತು ಕಳೆ ಕೀಳುವ ಕೆಲಸ. ಅಕ್ಕಿ ಗಿರಣಿಯ ಹಮಾಲರಿಗೂ ಇದರ ಬಿಸಿ ತಟ್ಟುತ್ತದೆ.

ಕುಷ್ಟಗಿ, ಯಲಬುರ್ಗಾಗಳಿಗೆ ಆರ್ಥಿಕ ಹಿನ್ನಡೆ ಬರುವ ದಾರಿ ಬೇರೆ. ಬೆಂಗಳೂರು, ಮಂಗಳೂರು, ಗೋವೆಗಳಲ್ಲಿ ಕಟ್ಟಡದ ಕೆಲಸ ನಿಂತರೆ ಗುಳೆ ಹೋದವರು ಬಿತ್ತನೆಯ ಕಾಲವಲ್ಲದಿದ್ದರೂ ಊರಿಗೆ ಮರಳುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಕಂಡಿದ್ದೇವೆ. ಇನ್ನು ಗಿಣಿಗೇರಾ, ಬೇವಿನಹಳ್ಳಿ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳಿಗೆ ಬೇಡಿಕೆ ತಗ್ಗಿದರೆ ಮೊದಲು ಕೆಲಸ ಕಳೆದುಕೊಳ್ಳುವವರು ಗುತ್ತಿಗೆಯ ಆಳುಗಳು ಮತ್ತು ಲಾರಿಯವರು. ಊರಿಗೆ ಅಕಾಲದಲ್ಲಿ ಮರಳಿದವರು ಎಷ್ಟು ಮನೆಯವರು, ಕೂಲಿಯ ದರ ಹೋದ ವರ್ಷಕ್ಕಿಂತ ಇಳಿದಿದೆಯೇ ಎಂದು ವಿಚಾರಿಸಿದರೆ ದೆಹಲಿಯ ಅಂಕಿಗಿಂತ ಮೊದಲೇ ಸಂಗತಿ ತಿಳಿಯುತ್ತದೆ.

ಇಂಥ ಸಮಯದಲ್ಲಿ ಆಸರೆಯಾಗುವುದು ಉದ್ಯೋಗ ಖಾತರಿ. 2005ರ ಕಾಯಿದೆಯು ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸ ಗೊತ್ತುಮಾಡಿತ್ತು. ಅದರ ಸ್ಥಾನಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು 125 ದಿನ ಎನ್ನುತ್ತದೆ. ಆದರೆ ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸುವ ಅವಕಾಶವೂ ಅದರಲ್ಲಿದೆ. ಈ ದಿನಗಳನ್ನು ಇಡೀ ಜಿಲ್ಲೆಗೆ ಒಂದೇ ರೀತಿ ಗೊತ್ತುಮಾಡಿದರೆ ತೊಂದರೆಯಾದೀತು. ಗಂಗಾವತಿಯಲ್ಲಿ ಭತ್ತದ ನಾಟಿ ಜೋರಾಗಿರುವುದು ಜುಲೈ-ಆಗಸ್ಟ್‌ನಲ್ಲಿ. ಯಲಬುರ್ಗಾದ ಎರೆ ಹೊಲಗಳಲ್ಲಿ ಬಿಳಿಜೋಳ, ಕಡಲೆ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಒಂದು ಕಡೆ ಆಳಿಗೆ ಪರದಾಟವಿರುವಾಗ ಇನ್ನೊಂದು ಕಡೆ ಆಳು ಖಾಲಿ ಕುಳಿತಿರುತ್ತಾರೆ. ತಮ್ಮ ಭಾಗದ ಹಂಗಾಮು ಯಾವುದೆಂಬುದನ್ನು ಗ್ರಾಮಸಭೆಯಲ್ಲಿಯೇ ಠರಾವು ಮಾಡಿ ಮುಂಚಿತವಾಗಿ ಮೇಲಿನವರಿಗೆ ತಿಳಿಸುವುದು ಒಳ್ಳೆಯದು. ಕೆರೆಯ ಹೂಳು, ಬದು, ಕೃಷಿ ಹೊಂಡದ ಕೆಲಸಗಳನ್ನು ಮಾರ್ಚ್‌ನಿಂದ ಮೇವರೆಗೆ ಇಟ್ಟುಕೊಂಡರೆ ಮುಂಗಾರಿ ಮಳೆಯ ನೀರೂ ನಿಲ್ಲುತ್ತದೆ.

ಕೆಲಸದ ಬೇಡಿಕೆಯನ್ನು ಬಾಯಿಮಾತಿನಲ್ಲಿ ಹೇಳಿ ಬರಬಾರದು. ಅರ್ಜಿಯನ್ನು ಬರಹದಲ್ಲಿಯೇ ಕೊಟ್ಟು ತಾರೀಖು ಹಾಕಿದ ರಸೀತಿ ಪಡೆಯಬೇಕು. 15 ದಿನಗಳಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳುವ ಹಕ್ಕಿದೆ. ರಸೀತಿ ಇಲ್ಲದಿದ್ದರೆ ಆ 15 ದಿನ ಯಾವಾಗಿನಿಂದ ಎಂಬುದೇ ತೀರ್ಮಾನವಾಗುವುದಿಲ್ಲ. ಜೊತೆಗೆ, ಮನೆಯ ಗೋಡೆಯ ಪಂಚಾಂಗದಲ್ಲಿ ಯಾರು ಯಾವ ದಿನ ಎಷ್ಟು ಕೂಲಿಗೆ ದುಡಿದರೆಂದು ಗುರುತು ಹಾಕುತ್ತ ಬಂದರೆ ಗ್ರಾಮಸಭೆಯಲ್ಲಿ ಅದನ್ನೇ ಮುಂದಿಡಬಹುದು.