ಮಳೆ ಹಿಂದೆ ಸರಿದ ಮೇಲೆ ಸೈಕಲ್ ಸವಾರಿ

ಆಯುಧಪೂಜೆಯ ದಿನ ಮೂಲೆ ಸೇರಿದ್ದ ಸೈಕಲ್ಲಿಗೂ ಸ್ನಾನವಾಗುತ್ತದೆ. ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ, ಚಕ್ರದಡಿಗೆ ನಿಂಬೆಹಣ್ಣು. ಮಾರನೆಯ ದಿನದಿಂದಲೇ ಅದನ್ನು ಹೊರಗೆ ತೆಗೆಯುವ ಉತ್ಸಾಹ ಅನೇಕ ಮನೆಗಳಲ್ಲಿ ಕಾಣುತ್ತದೆ. ಮುಂಗಾರಿನ ಅಬ್ಬರ ಇಳಿದು, ಬಿಸಿಲು ಇನ್ನೂ ಬಲಿಯದ ಶರದೃತುವಿನ ಬೆಳಗು ಸವಾರಿಗೆ ಹೇಳಿ ಮಾಡಿಸಿದಂತಿರುತ್ತದೆ. ಆದರೆ ನಾಲ್ಕು ತಿಂಗಳು ತೇವದಲ್ಲಿ ನಿಂತ ಸೈಕಲ್ಲಿಗೆ ತುಕ್ಕು ಹಿಡಿಯುವಂತೆ, ನಾಲ್ಕು ತಿಂಗಳು ಕುಳಿತ ದೇಹಕ್ಕೂ ಜಡ ಹಿಡಿದಿರುತ್ತದೆ. ಪೂಜೆಯ ಜೊತೆಗೆ ಇಬ್ಬರಿಗೂ ಒಂದು ತಪಾಸಣೆ ಅಗತ್ಯ. ಸವಾರಿ ಆರಂಭಿಸಿದ ಹೊಸತರಲ್ಲಿ ಬರುವ ಮಂಡಿನೋವು, ಬೆನ್ನುನೋವು, ಬಿದ್ದ ಗಾಯಗಳಲ್ಲಿ ಬಹುಪಾಲು ತಪ್ಪಿಸಬಹುದಾದವು.

ಎಷ್ಟು ಹೊತ್ತು ತುಳಿಯಬೇಕು?

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ವಾರಕ್ಕೆ ಐದು ದಿನ ಅರ್ಧ ಗಂಟೆ ಸೈಕಲ್ ತುಳಿದರೆ ಇದರ ಕನಿಷ್ಠ ಪ್ರಮಾಣ ಪೂರೈಸುತ್ತದೆ. ದೇಹದ ಭಾರ ಬಹುಮಟ್ಟಿಗೆ ಸೀಟಿನ ಮೇಲೆ ಬೀಳುವುದರಿಂದ, ಓಟಕ್ಕೆ ಹೋಲಿಸಿದರೆ ಮಂಡಿಯ ಮೇಲಿನ ಹೊರೆ ಕಡಿಮೆ.

ಮೊದಲ ದಿನವೇ ಹತ್ತಿಪ್ಪತ್ತು ಕಿಲೋಮೀಟರ್ ಹೋಗುವ ಹುಮ್ಮಸ್ಸು ಬೇಡ. ಮೊದಲ ವಾರ ಸಮತಟ್ಟಾದ ರಸ್ತೆಯಲ್ಲಿ 15 ನಿಮಿಷ ಸಾಕು. ನಂತರ ವಾರಕ್ಕೆ ಐದೈದು ನಿಮಿಷ ಹೆಚ್ಚಿಸಿರಿ. ತುಳಿಯುತ್ತಲೇ ಪಕ್ಕದವರೊಡನೆ ಮಾತನಾಡಲು ಸಾಧ್ಯವಾದರೆ ಶ್ರಮ ಹಿತಮಿತವಾಗಿದೆ ಎಂದರ್ಥ. ಎರಡು ಮಾತಿಗೇ ಉಸಿರು ಕಟ್ಟಿದರೆ ವೇಗ ತಗ್ಗಿಸಿರಿ. ಹವೆ ತಂಪಾಗಿದ್ದಾಗ ಬಾಯಾರಿಕೆ ತಿಳಿಯುವುದಿಲ್ಲ. ಹೊರಡುವ ಮುನ್ನ ಒಂದು ಲೋಟ ನೀರು ಕುಡಿಯಿರಿ.

ವೈದ್ಯರನ್ನು ಮೊದಲು ಕಾಣಬೇಕಾದವರು

ಹೃದಯದ ಕಾಯಿಲೆ ಇರುವವರು, ರಕ್ತದೊತ್ತಡ ಹತೋಟಿಗೆ ಬಾರದವರು, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವವರು, ಆಗಾಗ ತಲೆ ಸುತ್ತಿ ಬರುವವರು ವೈದ್ಯರನ್ನು ಕಂಡ ನಂತರವೇ ಆರಂಭಿಸಬೇಕು. ವರ್ಷಗಟ್ಟಲೆ ವ್ಯಾಯಾಮ ಬಿಟ್ಟಿರುವ ಐವತ್ತು ದಾಟಿದವರಿಗೂ, ಧೂಮಪಾನಿಗಳಿಗೂ ಈ ಮಾತು ಅನ್ವಯಿಸುತ್ತದೆ.

ತುಳಿಯುವಾಗ ಎದೆಯಲ್ಲಿ ಒತ್ತಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆಯ ಬೆವರು ಬಂದರೆ ಕೂಡಲೇ ಇಳಿದು ಕುಳಿತುಕೊಳ್ಳಿರಿ. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮುಂದೆ ಹೋಗಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರುವುದೇ ಸರಿ. ಮಧುಮೇಹಿಗಳಲ್ಲಿ ಎದೆನೋವು ಇಲ್ಲದೆ, ಬರೀ ಉಬ್ಬಸ ಮತ್ತು ಬೆವರಿನ ರೂಪದಲ್ಲಿ ಹೃದಯಾಘಾತ ಆಗುವುದುಂಟು ಎಂಬುದನ್ನು ನೆನಪಿಡಿ.

ಮಧುಮೇಹಿಗಳಿಗೆ ಸವಾರಿ ಔಷಧಿಯಷ್ಟೇ ಉಪಕಾರಿ. ಸ್ನಾಯುಗಳು ದುಡಿದಾಗ ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರ ಇಳಿದು ಕೈನಡುಕ, ಬೆವರು, ಕಣ್ಣು ಮಂಜಾಗುವುದು, ಗಲಿಬಿಲಿ ಉಂಟಾಗಬಹುದು. ರಸ್ತೆಯ ಮಧ್ಯೆ ಇದು ಅಪಾಯಕರ. ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಿರಲಿ. ಲಕ್ಷಣ ಕಂಡೊಡನೆ ನಿಂತು ಮೂರು ಚಹಾ ಚಮಚದಷ್ಟು ತಿನ್ನಿರಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ತಿನ್ನಿರಿ. ಪಾದಗಳಲ್ಲಿ ಸ್ಪರ್ಶ ಕಡಿಮೆಯಾದವರು ಹವಾಯಿ ಚಪ್ಪಲಿ ಬಿಟ್ಟು ಮೆತ್ತನೆಯ ಬೂಟು ಧರಿಸಲಿ. ಮನೆಗೆ ಬಂದ ಮೇಲೆ ಅಂಗಾಲನ್ನು ಪರೀಕ್ಷಿಸಿಕೊಳ್ಳಲಿ.

ಜ್ವರ ಬಂದು ಎದ್ದವರು, ದಮ್ಮಿನವರು

ಮಳೆಗಾಲದ ಕೊನೆಯ ದಿನಗಳು ಡೆಂಗಿ, ಚಿಕೂನ್‌ಗುನ್ಯಾಗಳ ಕಾಲವೂ ಹೌದು. ಜ್ವರ ಇರುವಾಗ ಸವಾರಿ ಸರ್ವಥಾ ಸಲ್ಲದು. ಜ್ವರ ಬಿಟ್ಟ ಮೇಲೂ ಸುಸ್ತು ಕೆಲವು ವಾರ ಉಳಿಯಬಹುದು. ನಡಿಗೆಯಿಂದ ಆರಂಭಿಸಿ ಸೈಕಲ್ಲಿಗೆ ಬನ್ನಿರಿ. ಇನ್ನೊಂದು ಮಾತು: ಸೈಕಲ್ಲಿನಿಂದ ಬಿಚ್ಚಿದ ಹಳೆಯ ಟೈರನ್ನು ಹಿತ್ತಲಿಗೆ ಎಸೆಯಬೇಡಿ. ಅದರೊಳಗೆ ನಿಂತ ಮಳೆನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬಾಣಂತಿಕೋಣೆ ಇದ್ದಂತೆ.

ಇದೇ ದಿನಗಳಲ್ಲಿ ರಸ್ತೆಯ ಬದಿಯಲ್ಲಿ ಕಾಂಗ್ರೆಸ್ ಗಿಡ (ಪಾರ್ಥೇನಿಯಂ) ಹೂ ತುಂಬಿ ನಿಂತಿರುತ್ತದೆ. ಅದರ ಪರಾಗದಿಂದ ಸೀನು, ಚರ್ಮದ ತುರಿಕೆ ಬರುವವರು ಅಂತಹ ದಾರಿಯನ್ನು ಬಿಡುವುದು ಲೇಸು. ದಮ್ಮು ಇರುವವರು ವೈದ್ಯರು ಕೊಟ್ಟ ಇನ್‌ಹೇಲರನ್ನು ಜೇಬಿನಲ್ಲಿಟ್ಟುಕೊಂಡೇ ಹೊರಡಬೇಕು.

ಸೈಕಲ್ಲಿನ ಆರೋಗ್ಯ

ಮೊದಲು ಬ್ರೇಕ್. ಸವೆದು ನುಣುಪಾದ ಬ್ರೇಕ್ ರಬ್ಬರನ್ನು ಬದಲಿಸಿರಿ. ಬ್ರೇಕ್ ಒತ್ತಿ ಸೈಕಲ್ ತಳ್ಳಿದರೆ ಚಕ್ರ ಉರುಳಬಾರದು. ರಿಮ್ ಒದ್ದೆಯಾದಾಗ ಹಿಡಿತ ಬಹಳ ಕಡಿಮೆಯಾಗುತ್ತದೆ. ಚಿತ್ತಾ, ಸ್ವಾತಿ ಮಳೆಗಳು ಇನ್ನೂ ಬಾಕಿ ಇರುವುದರಿಂದ ಒದ್ದೆ ರಸ್ತೆಯಲ್ಲಿ ಸಾಕಷ್ಟು ಮುಂಚಿತವಾಗಿಯೇ ಬ್ರೇಕ್ ಹಾಕಿರಿ. ಮುಂದಿನ ಬ್ರೇಕ್ ಒಂದನ್ನೇ ಗಕ್ಕನೆ ಒತ್ತಿದರೆ ಸವಾರ ಹ್ಯಾಂಡಲ್ ಮೇಲಿನಿಂದ ಮುಂದಕ್ಕೆ ಬೀಳುತ್ತಾನೆ; ಎರಡನ್ನೂ ಒಟ್ಟಿಗೆ ಬಳಸಿರಿ. ಆಯುಧಪೂಜೆಯ ಮರುದಿನ ರಸ್ತೆಯಲ್ಲಿ ಒಡೆದು ಬಿದ್ದಿರುವ ಬೂದುಗುಂಬಳದ ತಿರುಳು ಒದ್ದೆ ಎಲೆಗಿಂತಲೂ ಜಾರು!

ಚೈನನ್ನು ಹಳೆಯ ಬಟ್ಟೆಯಿಂದ ಒರೆಸಿ, ಹನಿಹನಿಯಾಗಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಿರಿ. ಎಣ್ಣೆ ರಿಮ್ಮಿಗೆ ತಾಗಬಾರದು, ತಾಗಿದರೆ ಬ್ರೇಕ್ ಜಾರುತ್ತದೆ. ಟೈರಿನ ಪಕ್ಕದಲ್ಲಿ ಬಿರುಕು ಬಿಟ್ಟಿದೆಯೇ, ಹ್ಯಾಂಡಲ್ ಮತ್ತು ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ನೋಡಿರಿ. ನಿಮಗೆ ಬಾರದಿದ್ದರೆ ಸೈಕಲ್ ಶಾಪಿನವರಿಂದ ಒಮ್ಮೆ ಎಲ್ಲವನ್ನೂ ನೋಡಿಸಿ.

ಸೀಟು ಸರಿಯಿದ್ದರೆ ಮಂಡಿ ಸರಿ

ಮಂಡಿನೋವಿಗೆ ಮುಲಾಮು ಕೇಳಿಕೊಂಡು ಬರುವ ಸವಾರರಿಗೆ ನಾನು ಮೊದಲು ಕೇಳುವ ಪ್ರಶ್ನೆ, ‘ಸೀಟು ಎಷ್ಟು ಎತ್ತರಕ್ಕಿದೆ?’ ಸೀಟು ತಗ್ಗಾಗಿದ್ದರೆ ಮಂಡಿ ಅತಿಯಾಗಿ ಮಡಿಚಿ, ಚಿಪ್ಪಿನ ಸುತ್ತ ನೋವು ಬರುತ್ತದೆ. ಅತಿ ಎತ್ತರವಾದರೆ ಮಂಡಿಯ ಹಿಂಭಾಗ ಸೆಳೆಯುತ್ತದೆ, ಸೊಂಟ ಅತ್ತಿತ್ತ ವಾಲುತ್ತದೆ. ಅಳತೆ ಸುಲಭ. ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತು, ಪೆಡಲನ್ನು ತೀರ ಕೆಳಕ್ಕೆ ತಂದು ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ನಂತರ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ತುಸುವೇ ಬಾಗಿರುತ್ತದೆ. ಇದೇ ಸರಿಯಾದ ಎತ್ತರ.

ಮನೆಯಲ್ಲಿ ಮಕ್ಕಳಿದ್ದರೆ

‘ಹೇಗೂ ಬೆಳೆಯುತ್ತಾನೆ’ ಎಂದು ದೊಡ್ಡ ಸೈಕಲ್ ಕೊಡಿಸುವುದು ನಮ್ಮಲ್ಲಿ ವಾಡಿಕೆ. ನೆಲಕ್ಕೆ ಕಾಲು ಎಟುಕದ ಮಗು ತುರ್ತಿನಲ್ಲಿ ಸೈಕಲ್ ನಿಲ್ಲಿಸಲಾರದು. ಹ್ಯಾಂಡಲಿನ ತುದಿಯ ರಬ್ಬರ್ ಹಿಡಿ ಹರಿದು ಕೊಳವೆ ಬಯಲಾಗಿದ್ದರೆ ತಕ್ಷಣ ಹೊಸದು ಹಾಕಿಸಿರಿ. ಬಿದ್ದಾಗ ಆ ತುದಿ ಹೊಟ್ಟೆಗೆ ತಿವಿದರೆ ಹೊರಗೆ ರೂಪಾಯಿ ಅಗಲದ ಕಲೆ ಮಾತ್ರ ಕಾಣಿಸಿ, ಒಳಗೆ ಗುಲ್ಮ, ಯಕೃತ್ತು, ಮೇದೋಜೀರಕಾಂಗಗಳಿಗೆ ಪೆಟ್ಟಾಗಿರಬಹುದು. ಅಂತಹ ಮಗುವಿಗೆ ಹೊಟ್ಟೆನೋವು, ವಾಂತಿ, ಮುಖ ಬಿಳಿಚಿಕೊಳ್ಳುವುದು ಕಂಡರೆ ಮರುದಿನದವರೆಗೆ ಕಾಯಬೇಡಿ.

ಕ್ಯಾರಿಯರ್ ಮೇಲೆ ಕುಳಿತ ಎಳೆಯ ಮಕ್ಕಳ ಹಿಮ್ಮಡಿ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳುವುದು ಇನ್ನೊಂದು ಅಪಾಯ. ಚಕ್ರದ ಪಕ್ಕಕ್ಕೆ ಜಾಲರಿ ಹಾಕಿಸಿ, ಕಾಲಿಡಲು ಆಸರೆ ಕೊಡಿ. ಸೆರಗು, ದುಪಟ್ಟಾ, ಪಂಚೆಯ ಅಂಚು ಕಟ್ಟಿಕೊಂಡೇ ಹತ್ತಬೇಕು.

ಬೇಗ ಕವಿಯುವ ಕತ್ತಲು

ಬೆಂಗಳೂರಿನಲ್ಲಿ ಜೂನ್ ಕೊನೆಗೆ ಸಂಜೆ ಸುಮಾರು 6.50ಕ್ಕೆ ಮುಳುಗುವ ಸೂರ್ಯ ನವೆಂಬರ್ ನಡುವಿನ ಹೊತ್ತಿಗೆ 5.50ಕ್ಕೇ ಮುಳುಗುತ್ತಾನೆ. ಟ್ಯೂಷನ್ ಮುಗಿಸಿ ಅದೇ ಸಮಯಕ್ಕೆ ಹೊರಡುವ ಮಗು ಜೂನ್‌ನಲ್ಲಿ ಬೆಳಕಿನಲ್ಲಿ ಬರುತ್ತಿತ್ತು, ಈಗ ಕತ್ತಲಲ್ಲಿ ಬರುತ್ತದೆ. ಬೆಳಗಿನ ಮಂಜಿನಲ್ಲೂ ಇದೇ ತೊಂದರೆ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಅಥವಾ ಬೆಳಕು ಪ್ರತಿಫಲಿಸುವ ಬಿಲ್ಲೆ ಇರಲಿ. ತಿಳಿಬಣ್ಣದ ಅಂಗಿ ತೊಡಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರುವ, ಗದ್ದದ ಕೆಳಗೆ ಪಟ್ಟಿ ಬಿಗಿದ ಹೆಲ್ಮೆಟ್ ತಲೆಯ ಪೆಟ್ಟನ್ನು ಬಹಳಷ್ಟು ತಗ್ಗಿಸುತ್ತದೆ.

ಬಿದ್ದರೆ ಏನು ಮಾಡಬೇಕು?

ತರಚು ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ಕಾಫಿಪುಡಿ, ಮಣ್ಣು, ಗ್ರೀಸ್ ಮೆತ್ತಬೇಡಿ. ತುಕ್ಕಿನಿಂದಲೇ ಧನುರ್ವಾಯು ಬರುತ್ತದೆಂಬ ನಂಬಿಕೆ ಇದೆ. ಅದರ ರೋಗಾಣು ಇರುವುದು ಮಣ್ಣು ಮತ್ತು ಸಗಣಿಯಲ್ಲಿ. ತುಕ್ಕಿಲ್ಲದ ಕಲ್ಲು ಚುಚ್ಚಿದರೂ ಅಪಾಯ ಅಷ್ಟೇ. ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಟಿಡಿ ಲಸಿಕೆ ಹಾಕಿಸಿರಿ. ಹಿಂದಿನ ಲಸಿಕೆಗಳು ಪೂರ್ಣವಾಗಿದ್ದರೂ, ಕೊನೆಯದು ಹಾಕಿಸಿ ಐದು ವರ್ಷ ಕಳೆದಿದ್ದರೆ ಕೊಳೆಯಾದ ಗಾಯಕ್ಕೆ ಮತ್ತೊಂದು ಬೇಕು. ಎಷ್ಟು ಲಸಿಕೆ ಆಗಿದೆಯೆಂದು ನೆನಪಿಲ್ಲದವರು ವೈದ್ಯರಿಗೆ ಹಾಗೆಯೇ ತಿಳಿಸಿರಿ.

ತಲೆಗೆ ಪೆಟ್ಟಾದ ಮೇಲೆ ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಮಾತಿನ ತೊದಲು, ಫಿಟ್ಸ್, ಕಿವಿ ಮೂಗುಗಳಿಂದ ರಕ್ತ ಅಥವಾ ನೀರಿನಂತಹ ದ್ರವ ಕಂಡರೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲು ಚೆನ್ನಾಗಿದ್ದವರಿಗೂ ಕೆಲವು ಗಂಟೆಗಳ ನಂತರ ಇವು ಕಾಣಿಸಿಕೊಳ್ಳಬಹುದಾದ್ದರಿಂದ, ಒಂದು ಹಗಲು ಒಂದು ರಾತ್ರಿ ಜೊತೆಯಲ್ಲಿ ಯಾರಾದರೂ ಇರಬೇಕು.

ಇಷ್ಟೆಲ್ಲ ಓದಿ ಸೈಕಲ್ಲಿಗೇ ಹೆದರಬೇಕಿಲ್ಲ. ಮೇಲೆ ಹೇಳಿದ ತಪಾಸಣೆಗೆ ಒಂದು ಭಾನುವಾರದ ಬೆಳಗು ಸಾಕು. ಕುಳಿತೇ ಇರುವುದರಿಂದ ಬರುವ ಕಾಯಿಲೆಗಳು ಸೈಕಲ್ಲಿನಿಂದ ಬೀಳುವ ಪೆಟ್ಟಿಗಿಂತ ನಿಧಾನವಾಗಿ ಬರುತ್ತವೆ, ಆದರೆ ಹೆಚ್ಚು ಮನೆಗಳಿಗೆ ಬರುತ್ತವೆ.