ಫಾರಿನ್ನಿಗೆ ಹೋಗುವ ಮೊದಲು ಹೊಲದ ಉತಾರ ನೋಡೋಣ

ಫೈನಲ್ ಇಯರ್‌ನಲ್ಲಿ ಸೂಟಿಗೆ ಊರಿಗೆ ಹೋದರೆ ಗೋಕಾಕ ಬಸ್ ಸ್ಟ್ಯಾಂಡಿನಲ್ಲೇ ಪ್ರಶ್ನೆ ಶುರು: “ಮುಂದ ಏನಪಾ, ಫಾರಿನ್ನಿಗೆ ಹೊಂಟಿ ಏನ?” ಮೂಡಲಗಿ, ಹುಕ್ಕೇರಿ ಕಡೆಯ ಗೆಳೆಯರಿಗೂ ಇದೇ ಅನುಭವ. ಹೋದರೆ ಲೈಫ್ ಸೆಟ್ಲ್ ಅನ್ನುವವರು ಕೆಲವರು, ಹೋದರೆ ಅವ್ವ-ಅಪ್ಪನ್ನ ನೋಡೋರು ಯಾರು ಅನ್ನುವವರು ಕೆಲವರು. ನಾವೂ ಇದನ್ನು ಒಂದೇ ನಿರ್ಧಾರ ಅಂದುಕೊಂಡಿದ್ದೆವು. ಆದರೆ ಇದರಲ್ಲಿ ಮೂರು ಮೆಟ್ಟಿಲುಗಳಿವೆ: ಓದು, ಕೆಲಸ, ಪೌರತ್ವ. ಒಂದೊಂದಕ್ಕೂ ಲಾಭ-ನಷ್ಟ ಬೇರೆ.

ಮೊದಲು ಓದು. ಒಳ್ಳೆಯ ಲ್ಯಾಬ್, ಸಂಶೋಧನೆ, ಜಗತ್ತಿನ ಪರಿಚಯ ಸಿಗುವುದು ನಿಜ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚು, 2024ರ ಸೆಪ್ಟೆಂಬರ್‌ನಿಂದ 11,904 ಯೂರೋ, ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು. ಅಮೆರಿಕಕ್ಕಾದರೆ ನಮ್ಮಲ್ಲಿ ಹೆಚ್ಚಿನವರಿಗೆ ಸಾಲವೇ ಗತಿ. “ನಾಲ್ಕು ಎಕರೆ ಕಬ್ಬಿನ ಹೊಲ ಐತಿ, ಬ್ಯಾಂಕ್ ಕೊಡ್ತದ” ಅಂತ ಮನೆಯಲ್ಲಿ ಅನ್ನುತ್ತಾರೆ. ಇಲ್ಲೇ ತೊಡಕು. ಬ್ಯಾಂಕುಗಳು ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ಹರಾಜು ಹಾಕಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಎಷ್ಟೋ ಬ್ಯಾಂಕುಗಳು ಹೊಲದ ಬದಲು ಮನೆ ಅಥವಾ ಎನ್‌ಎ ಪ್ಲಾಟು ಕೇಳುತ್ತವೆ. ಅಂದರೆ ಒತ್ತೆ ಬೀಳುವುದು ಅವ್ವ-ಅಪ್ಪ ಇರುವ ಮನೆ. ಅಡಮಾನವಿಲ್ಲದ ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿ ಹೆಚ್ಚು.

ಎರಡನೆಯದು ಕೆಲಸ. ಈ ಸಾಲವನ್ನು ಡಾಲರ್ ಸಂಬಳದಲ್ಲಿ ಬೇಗ ತೀರಿಸಬಹುದು, ಊರಿನ ಸಂಬಳದಲ್ಲಿ ಬಹಳ ಕಷ್ಟ. ಆದ್ದರಿಂದ ಅಲ್ಲಿ ಕೆಲಸ ಉಳಿಯುವುದೇ ಮುಖ್ಯವಾಗುತ್ತದೆ. ಅಮೆರಿಕದಲ್ಲಿ ಎಂಜಿನಿಯರಿಂಗ್ ಪದವಿಯ ನಂತರ ಒಟ್ಟು 3 ವರ್ಷ ಒಪಿಟಿಯಲ್ಲಿ ದುಡಿಯಬಹುದು. ಮುಂದೆ ಬೇಕಾಗುವ ಎಚ್-1ಬಿ ವೀಸಾಗಳ ವಾರ್ಷಿಕ ಮಿತಿ, ಕಂಪನಿಗಳ ಪಾಲಿಗೆ, 85,000. ಅರ್ಜಿ ಹೆಚ್ಚಾದರೆ ಲಾಟರಿ. ಉದ್ಯೋಗದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿ ಬಹಳ ಉದ್ದ. ಎಚ್-1ಬಿಯಲ್ಲಿದ್ದಾಗ ಕೆಲಸ ಹೋದರೆ ಬೇರೆ ದಾರಿ ಹುಡುಕಲು ಸಾಮಾನ್ಯವಾಗಿ 60 ದಿನ ಮಾತ್ರ.

“ಡಾಲರ್ ಗಳಿಸಿ ಬಾಜೂಕಿನ ಎರಡು ಎಕರೆ ಹೊಲ ಹಿಡೀತೀನಿ” ಅನ್ನುವ ಕನಸು ನಮ್ಮಲ್ಲಿ ಎಷ್ಟು ಜನಕ್ಕಿಲ್ಲ! ಆದರೆ ಫೆಮಾ ನಿಯಮದ ಪ್ರಕಾರ ಅನಿವಾಸಿ ಭಾರತೀಯರು ರಿಸರ್ವ್ ಬ್ಯಾಂಕಿನ ವಿಶೇಷ ಅನುಮತಿ ಇಲ್ಲದೆ ಕೃಷಿ ಭೂಮಿ ಖರೀದಿಸುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಪೌರತ್ವ ಬಿಡದೆ ಊರಿಗೆ ವಾಪಸ್ ಬಂದು ನೆಲೆಸಿದರೆ ಈ ತಡೆ ಇರುವುದಿಲ್ಲ.

ಮೂರನೆಯದು ಪೌರತ್ವ. ಭಾರತದಲ್ಲಿ ದ್ವಿಪೌರತ್ವ ಇಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ ಬೇರೆ ದೇಶದ ಪೌರತ್ವ ಪಡೆದರೆ ಇಲ್ಲಿಯದು ಹೋಗುತ್ತದೆ. ಓಸಿಐ ಕಾರ್ಡಿದ್ದರೆ ವೀಸಾ ಇಲ್ಲದೆ ಬಂದು ಹೋಗಬಹುದು, ಆದರೆ ಮತದಾನದ ಹಕ್ಕಿಲ್ಲ, ಕೃಷಿ ಭೂಮಿ ಖರೀದಿಯೂ ಇಲ್ಲ. ಭಾರತೀಯ ಪೌರರಾಗಿಯೇ ಹೊರಗಿದ್ದರೆ ಅರಭಾವಿಯಲ್ಲೋ ಹುಕ್ಕೇರಿಯಲ್ಲೋ ಮತದಾರರಾಗಿ ನೋಂದಾಯಿಸಿಕೊಳ್ಳಬಹುದು, ಆದರೆ ಮತ ಹಾಕಲು ಖುದ್ದಾಗಿ ಬರಬೇಕು.

ಓದಿ ವಾಪಸ್ ಬರಬಹುದು, ಸಾಲ ತೀರಿಸುವ ದಾರಿ ಇದ್ದರೆ. ದುಡಿದೂ ವಾಪಸ್ ಬರಬಹುದು. ಪೌರತ್ವ ಬಿಟ್ಟ ಮೇಲೆ ಹಿಂದಿರುಗುವುದು ಸುಲಭವಲ್ಲ. ಹಾಗಂತ ಹೋಗಬೇಡಿ ಅಂತ ನಾವು ಹೇಳುತ್ತಿಲ್ಲ. ನಮ್ಮಲ್ಲೂ ಜಿಆರ್‌ಇ ಓದುತ್ತಿರುವವರಿದ್ದಾರೆ. ಅರ್ಜಿ ಹಾಕುವ ಮೊದಲು ಒಂದು ದಿನ ಮನೆಯವರ ಜೊತೆ ಕೂತು ಮೂರು ಮಾತು ಆಡೋಣ. ಯಾವ ಆಸ್ತಿ ಒತ್ತೆ ಬೀಳುತ್ತದೆ? ಕೆಲಸ ಸಿಗದಿದ್ದರೆ ಕಂತು ಯಾರು ಕಟ್ಟುತ್ತಾರೆ? ಹತ್ತು ವರ್ಷದ ಮೇಲೆ, ನಡುರಾತ್ರಿ ತ್ರೀ-ಫೇಸ್ ಕರೆಂಟ್ ಬಂದಾಗ ಮೋಟರ್ ಚಾಲೂ ಮಾಡಲು ಹೊಲಕ್ಕೆ ಯಾರು ಹೋಗುತ್ತಾರೆ? ಈ ಮೂರಕ್ಕೂ ಉತ್ತರ ಇದ್ದವರು ಧೈರ್ಯವಾಗಿ ಹೋಗಿ ಬರಲಿ.